ಹಿಂದಿನ ಸೀಟು

ಮಂಚಮ್ಮ ಮಾರ್ಕೆಟ್ಟಿನಿಂದ ಒಣಶುಂಠಿ, ಮೆಣಸು, ಬೆಲ್ಲ ತೆಗೆದುಕೊಂಡು ಮನೆಗೆ ಬಂದಾಗ ನಡುಮನೆಯಲ್ಲಿ ಚಿಕ್ಕಬಸವಯ್ಯ ಅವಳ ಬೈಕ್ ಜಾಕೆಟ್ಟು ತೊಟ್ಟುಕೊಂಡು ನಿಂತಿದ್ದ.

ಚಿಕ್ಕಬಸವಯ್ಯ ಅವಳ ಗಂಡ ಮೂಗಯ್ಯನ ಗೆಳೆಯ. ಇಬ್ಬರೂ ಕರೆಂಟ್ ಆಫೀಸಿನಲ್ಲಿದ್ದವರು, ಒಂದೇ ವರ್ಷ ನಿವೃತ್ತರಾದವರು. ಮೂಗಯ್ಯ ಕಂಬ ಹತ್ತುವ ಲೈನ್‌ಮನ್ನು, ಈತ ಕುರ್ಚಿಯಲ್ಲಿ ಕೂತು ಬಿಲ್ಲು ಬರೆದವನು. ಕೂತ ವರ್ಷಗಳೆಲ್ಲ ಹೊಟ್ಟೆಗೆ ಬಂದು ಸೇರಿದ್ದವು. ಜಾಕೆಟ್ಟಿನ ಜಿಪ್ಪು ಆ ಹೊಟ್ಟೆಯ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತ್ತು. ಮೂಗಯ್ಯ ಅವನೆದುರು ಮಂಡಿಯೂರಿ ಕೂತು ಜಿಪ್ಪಿಗೆ ಮೇಣದಬತ್ತಿ ಉಜ್ಜುತ್ತಿದ್ದ.

"ಏನಿದು?" ಎಂದಳು ಮಂಚಮ್ಮ.

ಮೂಗಯ್ಯ ತಿರುಗಿ ನೋಡಿದವನು ಮೇಣದಬತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಏನಿಲ್ಲ ಕಣೆ. ಬಸವಯ್ಯ ಸುಮ್ನೆ ಅಳತೆ ನೋಡ್ತಿದ್ದ."

ಚಿಕ್ಕಬಸವಯ್ಯನಿಗೆ ಮುಚ್ಚುಮರೆ ಗೊತ್ತಿರಲಿಲ್ಲ. "ನಿಮಗೆ ಬರಕ್ಕಾಗಲ್ವಂತಲ್ಲ ಅತ್ಗೆಮ್ಮ. ಮಗು ನೋಡ್ಕಬೇಕು ಅಂತ ಮೂಗಯ್ಯ ಅಂದ. ದಿಲ್ಲಿ ರೈಲಿನ ಟಿಕೆಟ್ಟು ಸುಮ್ನೆ ಹಾಳಾಯ್ತದೆ, ನೀನೇ ಬಾ ಅಂದ. ನಾನೂ ಹೂಂ ಅಂದ್ಬುಟ್ಟೆ" ಎಂದ.

ಮಂಚಮ್ಮನ ಅಂಗಾಲಿನಲ್ಲಿ ಹುಟ್ಟಿದ ಉರಿ ನೆತ್ತಿಯವರೆಗೆ ಹೋಯಿತು. ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು. ಇಟ್ಟಳು ಎನ್ನುವುದಕ್ಕಿಂತ ಬಿಟ್ಟಳು. ಬೆಲ್ಲದ ಉಂಡೆ ಉರುಳಿಕೊಂಡು ಹೋಗಿ ಗೋಡೆ ಮುಟ್ಟಿತು.

"ಬಿಚ್ಚಿ" ಎಂದಳು.

"ಜಿಪ್ಪು..."

"ಉಸಿರು ಒಳಕ್ಕೆಳ್ಕಳಿ ಬಸವಯ್ಯನೋರೆ. ಎಳ್ಕಂಡು ಬಿಚ್ಚಿ."

ಚಿಕ್ಕಬಸವಯ್ಯ ಉಸಿರು ಎಳೆದುಕೊಂಡ. ಮಂಚಮ್ಮ ತಾನೇ ಮುಂದೆ ಬಂದು ಜಿಪ್ಪನ್ನು ಒಂದೇ ಸಲಕ್ಕೆ ಕೆಳಕ್ಕೆ ಜಗ್ಗಿದಳು. ಜಾಕೆಟ್ಟು ಕಳಚಿದ ಮನುಷ್ಯ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟುಹೋದ.

ಈ ಪ್ರಯಾಣದ ಮಾತು ಶುರುವಾದದ್ದು ಹಿಂದಿನ ವರ್ಷ. ಮೂಗಯ್ಯನಿಗೆ ಬುಲೆಟ್ ಬೈಕಿನ ಹುಚ್ಚು ಮೊದಲಿನಿಂದಲೂ ಇತ್ತು. ನಿವೃತ್ತನಾದ ಮೇಲೆ ಫೋನಿನಲ್ಲಿ ಲಡಾಖಿನ ವಿಡಿಯೋಗಳನ್ನು ನೋಡಿ ನೋಡಿ ಖರ್ದುಂಗ್ ಲಾ ತಲೆಗೆ ಹತ್ತಿತು. ಹದಿನೇಳು ಸಾವಿರ ಅಡಿಗೂ ಹೆಚ್ಚು ಎತ್ತರದ ಘಾಟಿ. ಬೇಸಿಗೆಯಲ್ಲೂ ಹಿಮ, ಉಸಿರಿಗೆ ಗಾಳಿ ಸಾಲದು. "ಒಬ್ನೇ ಹೋಗಕ್ಕೆ ಭಯ ಕಣೆ, ನೀ ಬತ್ತೀಯಾ?" ಎಂದು ಒಂದು ದಿನ ಊಟದ ಹೊತ್ತಿಗೆ ಕೇಳಿದ್ದ. ಮಂಚಮ್ಮ ಆಗ ನಕ್ಕಿದ್ದಳು. ಮಾರನೆಯ ಬೆಳಗ್ಗೆ ಕಾಫಿ ಕೊಡುತ್ತ "ಯಾವಾಗ?" ಎಂದು ಕೇಳಿದ್ದಳು.

ಅಲ್ಲಿಯವರೆಗೆ ಅವಳು ಹೋದ ಊರುಗಳೆಲ್ಲ ಯಾರದೋ ಮದುವೆಗೆ, ಯಾರದೋ ಬಾಣಂತನಕ್ಕೆ, ಇಲ್ಲವೇ ಯಾರದೋ ಸಾವಿಗೆ. ಸುಮ್ಮನೆ ನೋಡಲಿಕ್ಕೆಂದು ಅವಳು ಯಾವ ಊರಿಗೂ ಹೋದವಳಲ್ಲ. ಇಪ್ಪತ್ತು ವರ್ಷ ನರ್ಸರಿ ಶಾಲೆಯಲ್ಲಿ ಆಯಾ ಆಗಿ ಊರವರ ಮಕ್ಕಳ ಮೂಗು ಒರೆಸಿದಳು. ಮಗ ಶಿವರಾಮುವಿಗೂ ಸೊಸೆ ಸುಮಾಗೂ ಹೆಣ್ಣು ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಅದೇ ಕೆಲಸ ಹಿಡಿದಳು. ಮೊಮ್ಮಗಳೆಂದರೆ ಅವಳಿಗೆ ಜೀವ. ಆದರೆ ಜೀವವಾದದ್ದನ್ನೂ ಸೊಂಟದಿಂದ ಒಂದಿಷ್ಟು ದಿನ ಇಳಿಸಬೇಕು ಅನ್ನಿಸುತ್ತದಲ್ಲ.

ಹೊರಡುತ್ತೇನೆಂದು ಮನಸ್ಸು ಮಾಡಿದ ಮೇಲೆ ಮಂಚಮ್ಮ ಮೈ ಮುರಿದು ತಯಾರಾದಳು. ಎಲೆಅಡಿಕೆ ಬಿಟ್ಟಳು. ಪ್ರತಿ ಭಾನುವಾರ ಕತ್ತಲಿರುವಾಗಲೇ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಳು. ಮೊದಮೊದಲು ನಂದಿಯ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಂದು ಕೂತುಬಿಡುತ್ತಿದ್ದಳು, ಕೊನೆಕೊನೆಗೆ ಮೂಗಯ್ಯನೇ ಹಿಂದೆ ಬೀಳತೊಡಗಿದ. ಲಕ್ಷ್ಮೀಪುರಂನಲ್ಲಿ ಟೈಲರಿಂಗ್ ಮಾಡುವ ಗೆಳತಿ ಪುಷ್ಪಮೇರಿಯ ಕೈಲಿ ಎರಡು ಪ್ಯಾಂಟು ಹೊಲಿಸಿಕೊಂಡಳು. ಹುಟ್ಟಿದಾಗಿನಿಂದ ಪ್ಯಾಂಟು ಮುಟ್ಟದವಳು ಅದನ್ನು ಹಾಕಿಕೊಂಡು ಮೊದಲ ದಿನ ಅಶೋಕಪುರಂನ ತನ್ನ ಬೀದಿಗೆ ಇಳಿದಾಗ ನಲ್ಲಿ ಹತ್ತಿರ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮಂಚಮ್ಮ ತಲೆ ಎತ್ತಿಕೊಂಡೇ ಹೋಗಿ ಬುಲೆಟ್ಟಿನ ಹಿಂದಿನ ಸೀಟಿನ ಮೇಲೆ ಕಾಲು ಆಚೆಗೊಂದು ಈಚೆಗೊಂದು ಹಾಕಿ ಕೂತಿದ್ದಳು. ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ನಿಧಾನವಾಗಿ ಹೋಗಿ, ದಾರಿಯಲ್ಲಿ ಅಲ್ಲಲ್ಲಿ ನಿಂತು ಮೈ ಒಗ್ಗಿಸಿಕೊಳ್ಳಿ ಎಂದಿದ್ದರು.

ಇಷ್ಟಾದ ಮೇಲೆ ಇದು.

"ನನ್ನ ಒಂದು ಮಾತು ಕೇಳಬೇಕು ಅನ್ನಿಸ್ನಿಲ್ವಾ ನಿಮಗೆ?" ಎಂದಳು.

ಮೂಗಯ್ಯ ಬೆಲ್ಲದ ಉಂಡೆ ಎತ್ತಿಕೊಂಡು ಧೂಳು ಊದುತ್ತಿದ್ದ. "ಶಿವರಾಮು ಅಂದ. ಸುಮಾ ಕೆಲಸ ಬುಡಬೇಕಾಯ್ತದಂತೆ. ಪಾಪ, ಈಗ ತಾನೆ ಸೇರವ್ಳೆ. ನಿಂಗೆ ಎಂಗೆ ಹೇಳದು ಅಂತ ಗೊತ್ತಾಗ್ನಿಲ್ಲ."

"ಬಸವಯ್ಯನೋರಿಗೆ ಎಂಗೆ ಹೇಳದು ಅಂತ ಗೊತ್ತಾಯ್ತಲ್ಲ?"

ಮೂಗಯ್ಯ ಮತ್ತೆ ಬೆಲ್ಲದ ಧೂಳು ಊದಿದ. ಕಂಬದ ಮೇಲೆ ಎದೆಗಾರಿಕೆ ಇದ್ದವನಿಗೆ ನೆಲದ ಮೇಲೆ ಯಾವತ್ತೂ ಇರಲಿಲ್ಲ. ಮನೆಯಲ್ಲಿ ಗಟ್ಟಿ ಮಾತು ಬಂದಾಗಲೆಲ್ಲ ಅವನು ಹೀಗೇ, ಯಾವುದಾದರೂ ಸಾಮಾನು ಕೈಗೆತ್ತಿಕೊಂಡು ಅದನ್ನೇ ನೋಡುತ್ತ ನಿಲ್ಲುವವನು.

ಸಂಜೆ ಶಿವರಾಮು ಫ್ಯಾಕ್ಟರಿಯಿಂದ ಬಂದ. ಹೆಂಡತಿ ಸುಮಾ ಸರಸ್ವತಿಪುರಂನ ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳಿಕೊಡುವವಳು, ಇನ್ನೂ ಬಂದಿರಲಿಲ್ಲ. ಮಗು ಒಳಗೆ ಮಲಗಿತ್ತು. ಮಂಚಮ್ಮ ಮಗನಿಗೆ ಶೂ ಬಿಚ್ಚಲೂ ಬಿಡಲಿಲ್ಲ.

"ಏನೋ, ನಾನು ಹೋಗಬಾರ್ದು ಅಂತ ನಿಮ್ಮಪ್ಪಂಗೆ ಹೇಳಿದ್ಯಂತೆ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ಅಲ್ಲಿ ಉಸಿರಾಡಕ್ಕೆ ಗಾಳೀನೇ ಇರಲ್ಲ. ಈ ವಯಸ್ಸಲ್ಲಿ ಯಾಕೆ?"

"ನಿಮ್ಮಪ್ಪಂಗೆ ವಯಸ್ಸಾಗಿಲ್ವಾ?"

"ಅಪ್ಪನ ವಿಷ್ಯ ಬೇರೆ."

"ಬಸವಯ್ಯನೋರಿಗೆ? ಅವ್ರಿಗೇನು ಹದಿನೆಂಟಾ?"

ಶಿವರಾಮು ಶೂ ಲೇಸಿಗೆ ಬಗ್ಗಿದ. "ನಂಗೊಬ್ಬಂಗೇ ಅಲ್ಲಮ್ಮ. ಸುಮಾನೂ ಅಂದ್ಲು. ನೀನು ಹೋದ್ರೆ ಮಗೂಗೆ ಯಾರವ್ರೆ? ಅವಳು ಕೆಲಸ ಬುಟ್ಟು ಕೂರಬೇಕು."

"ಸುಮಾನೇ ಅಂದ್ಲಾ?"

"ಹೂಂ, ಮತ್ತೆ."

ಮಂಚಮ್ಮ ಒಳಗೆ ಹೋಗಿ ಸೀರೆ ಬಿಚ್ಚಿ ಪ್ಯಾಂಟು ಹಾಕಿಕೊಂಡಳು. ಜಾಕೆಟ್ಟು ತೊಟ್ಟಳು. ಅದಕ್ಕೆ ಚಿಕ್ಕಬಸವಯ್ಯನ ಬೆವರಿನ ವಾಸನೆ ಹತ್ತಿತ್ತು, ಅದರಿಂದ ಸಿಟ್ಟು ಇನ್ನಷ್ಟು ಏರಿತು. ಎರಡು ಸೀರೆಯನ್ನು ಚೀಲಕ್ಕೆ ತುರುಕಿದಳು. ಹೆಲ್ಮೆಟ್ಟು ಹಿಡಿದುಕೊಳ್ಳಲು ಕೈ ಖಾಲಿ ಇಲ್ಲದ್ದರಿಂದ ಅದನ್ನು ತಲೆಗೇ ಹಾಕಿಕೊಂಡಳು.

"ನಾನು ಈ ಮನೇಲಿ ಫ್ಯೂಸಾ? ಒಂದು ಕಿತ್ತು ಇನ್ನೊಂದು ಸಿಕ್ಕಿಸಕ್ಕೆ?" ಎಂದು ಗಂಡನನ್ನೂ ಮಗನನ್ನೂ ಒಟ್ಟಿಗೆ ಕೇಳಿದಳು. "ಮಗು ಎದ್ರೆ ರಾಗಿ ಸರಿ ಮಾಡಿ ತಿನ್ನಿಸಿ. ಡಬ್ಬ ಎಲ್ಲದೆ ಅಂತ ಹುಡುಕ್ಕಳಿ."

ಬಾಗಿಲು ದಾಟುವಾಗ ಮಗು ಎದ್ದು ಅಳುವುದು ಕೇಳಿಸಿತು. ಒಂದು ಗಳಿಗೆ ನಿಂತಳು. ಶಿವರಾಮು "ಅಮ್ಮಾ, ಎದ್ದವ್ಳೆ ನೋಡು" ಎಂದು ಒಳಗಿನಿಂದ ಕೂಗಿದ. ಆ ಕೂಗಿನಲ್ಲಿ ಬೇಡಿಕೆ ಇರಲಿಲ್ಲ, ಅಪ್ಪಣೆ ಇತ್ತು. ಮಂಚಮ್ಮ ಮೆಟ್ಟಿಲು ಇಳಿದು ಆಟೋ ಹಿಡಿದಳು.

ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಪುಷ್ಪಮೇರಿ ಬಾಗಿಲಲ್ಲಿ ನಿಂತ ಹೆಲ್ಮೆಟ್ಟನ್ನು ನೋಡಿ ಬೆಚ್ಚಿದಳು. ಒಳಗಿರುವುದು ಯಾರೆಂದು ತಿಳಿದ ಮೇಲೆ "ಆಟೋದಲ್ಲೂ ಹೆಲ್ಮೆಟ್ಟು ಕಡ್ಡಾಯ ಮಾಡಿದ್ರಾ?" ಎಂದು ನಕ್ಕಳು. ಮಂಚಮ್ಮ ನಗಲಿಲ್ಲ. ನಡೆದದ್ದನ್ನೆಲ್ಲ ನಿಂತೇ ಹೇಳಿದಳು.

ಪುಷ್ಪಮೇರಿ ಕತ್ತರಿ ಪಕ್ಕಕ್ಕಿಟ್ಟಳು. "ಕೋಪ ಬರೋದು ಸರೀನೇ. ಆದ್ರೂ ಮೊಮ್ಮಗು ಅಲ್ವೇನೇ? ಒಂದು ತಿಂಗಳ ಮಾತು. ಬೆಟ್ಟ ಎಲ್ಲಿ ಹೋಗುತ್ತೆ, ಮುಂದಿನ ವರ್ಷ ಹೋದ್ರಾಯ್ತು."

"ಮುಂದಿನ ವರ್ಷ ಮಗು ಸ್ಕೂಲಿಗೆ ಸೇರ್ತದೆ, ಕರ್ಕಂಡು ಹೋಗಿ ಬರೋರು ಬೇಕು ಅಂತಾರೆ. ಅದರ ಮುಂದಿನ ವರ್ಷ ಇನ್ನೊಂದು ಮಗು ಅಂತಾರೆ. ಆಮೇಲೆ ನನ್ನ ಮಂಡಿ ಹೋಯ್ತದೆ. ನೀನೂ ಅದೇ ಹಾಡು ಹಾಡಂಗಿದ್ರೆ ಹೇಳ್ಬುಡು, ಬಸ್ ಸ್ಟ್ಯಾಂಡಲ್ಲಿ ಹೋಗಿ ಮಲೀಕತೀನಿ."

"ಆಯ್ತು ಮಾರಾಯ್ತಿ, ಕೂತ್ಕೋ. ಮೊದ್ಲು ಊಟ ಮಾಡು" ಎಂದು ಪುಷ್ಪಮೇರಿ ತಟ್ಟೆ ಹಾಕಿದಳು. ಮಂಚಮ್ಮ ಉಂಡಳು. ಕೋಪಕ್ಕೂ ಹಸಿವಿಗೂ ಅವಳಲ್ಲಿ ಜಗಳವಿರಲಿಲ್ಲ.

ಮರುದಿನ ಬೆಳಗ್ಗೆ ಸುಮಾ ಬಂದಳು. ಸೊಂಟದಲ್ಲಿ ಮಗು, ಕೆದರಿದ ತಲೆ, ಮುಖ ಕೆಂಪೇರಿತ್ತು. ಮಗು ಅಜ್ಜಿಯ ಕಡೆ ಕೈ ಚಾಚಿತು. ಮಂಚಮ್ಮ ಎತ್ತಿಕೊಂಡಳು, ಆದರೆ ಸೊಸೆಯ ಮುಖ ನೋಡಲಿಲ್ಲ.

"ಅತ್ತೆ, ನಾನು ಹಂಗೆ ಹೇಳೇ ಇಲ್ಲ" ಎಂದಳು ಸುಮಾ.

ಮಂಚಮ್ಮ ತಲೆ ಎತ್ತಿದಳು.

"ನೀವು ಹೋಗ್ತೀರಿ ಅಂತ ಹೋದ ತಿಂಗಳೇ ನಮ್ಮಮ್ಮನಿಗೆ ಹೇಳಿಟ್ಟಿದ್ದೆ. ನೀವು ಬರೋವರೆಗೂ ನಂಜನಗೂಡಿಂದ ಬಂದಿರ್ತೀನಿ ಅಂದಿದ್ರು. ನಿಮ್ಮ ಮಗನಿಗೂ ಗೊತ್ತು. ನಿನ್ನೆ ನಮ್ಮಮ್ಮನಿಗೆ ಫೋನ್ ಮಾಡಿದ್ರೆ, 'ನಿಮ್ಮತ್ತೆ ಹೋಗಲ್ವಂತಲ್ಲ, ಶಿವರಾಮು ಬರೋದು ಬೇಡ ಅಂದ್ರಲ್ಲಾ' ಅಂತಾರೆ!"

"ಯಾಕಂತೆ?"

"ನಮ್ಮಮ್ಮ ಮನೇಲಿದ್ರೆ ಅವ್ರಿಗೆ ಆಗಲ್ಲ. ಎದ್ದ ತಕ್ಷಣ ಹಾಸಿಗೆ ಮಡಚಿ ಅಂತಾರೆ, ತಿಂದ ತಟ್ಟೆ ತೊಳೀರಿ ಅಂತಾರೆ. ಅದಕ್ಕೆ ಅಲ್ಲಿ ನಿಮ್ಮ ಹೆಸರು ಹೇಳಿ ನಮ್ಮಮ್ಮನ್ನ ನಿಲ್ಸಿದಾರೆ, ಇಲ್ಲಿ ನನ್ನ ಹೆಸರು ಹೇಳಿ ನಿಮ್ಮನ್ನ ನಿಲ್ಸಿದಾರೆ. ಮದುವೆ ಆಗಿ ಇಷ್ಟು ದಿನಕ್ಕೆ ಅವರ ಮೇಲೆ ಇಷ್ಟು ಕೋಪ ಬಂದಿರಲಿಲ್ಲ ಅತ್ತೆ."

ಹಾಸಿಗೆ ಮಡಚುವುದಕ್ಕೆ ಬೇಜಾರು. ಅಷ್ಟೇ. ತಾನು ವರ್ಷವೆಲ್ಲ ಹತ್ತಿದ ಮೆಟ್ಟಿಲುಗಳು ಒಂದು ಹಾಸಿಗೆಯ ಮುಂದೆ ಸೋತವಲ್ಲ ಎಂದುಕೊಂಡಳು ಮಂಚಮ್ಮ. ಆ ಹಾಸಿಗೆಯನ್ನು ಇಷ್ಟು ವರ್ಷ ಮಡಚುತ್ತ ಬಂದವಳೂ ತಾನೇ. ಸೊಸೆಯ ಮೇಲೂ ಸಿಟ್ಟು ಉಳಿದಿತ್ತು.

"ನಿಮ್ಮಮ್ಮಂಗೆ ಹೇಳಿದ್ದನ್ನ ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಅತ್ತೆ. ನಾನೂ ಹೇಳ್ಲಿಲ್ಲ. ಇಬ್ರೂ ಅವರ ಬಾಯಿಗೇ ಬಿಟ್ವಿ."

ಮಂಚಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಿಮ್ಮಾವ ಎಲ್ಲಿ?" ಎಂದಳು.

"ಗಾಡಿ ತಗೊಂಡು ರೈಲ್ವೆ ಸ್ಟೇಷನ್ನಿಗೆ ಹೋದ್ರು, ಪಾರ್ಸೆಲ್ ಮಾಡಕ್ಕೆ."

ದಿಲ್ಲಿಯವರೆಗೆ ಬುಲೆಟ್ಟು ರೈಲಿನಲ್ಲಿ ಮುಂದಾಗಿ ಹೋಗಬೇಕು, ಇವರು ಹಿಂದಿನಿಂದ ಇನ್ನೊಂದು ರೈಲಿನಲ್ಲಿ ಹೋಗಿ ಬಿಡಿಸಿಕೊಳ್ಳಬೇಕು ಎಂದು ಮೊದಲೇ ಗೊತ್ತುಮಾಡಿದ್ದರು. ಮಂಚಮ್ಮ ಮಗುವನ್ನು ಪುಷ್ಪಮೇರಿಯ ಕೈಗೆ ಕೊಟ್ಟು ಸೊಸೆಯೊಡನೆ ಹೊರಟಳು.

ಪಾರ್ಸೆಲ್ ಆಫೀಸಿನ ಮುಂದೆ ಪೆಟ್ರೋಲು ಬಸಿದ ಬುಲೆಟ್ಟು ನಿಂತಿತ್ತು. ಇಬ್ಬರು ಕೂಲಿಯವರು ಅದಕ್ಕೆ ಗೋಣಿತಾಟು ಸುತ್ತುತ್ತಿದ್ದರು. ಮೂಗಯ್ಯ ಕನ್ನಡಿ ಬಿಚ್ಚುತ್ತಿದ್ದ. ಚಿಕ್ಕಬಸವಯ್ಯ ದೂರದಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದವನು ಮಂಚಮ್ಮನನ್ನು ಕಂಡು ಎದ್ದು ನಿಂತ.

ಸುಮಾ ಮಾವನಿಗೆ ನಡೆದದ್ದನ್ನು ಹೇಳಿದಳು. ಮೂಗಯ್ಯ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಕನ್ನಡಿಯನ್ನು ನೋಡತೊಡಗಿದ. ಮಂಚಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಅದನ್ನೇನು ನೋಡ್ತೀಯಾ, ನನ್ನ ನೋಡು" ಎಂದಳು.

ಮದುವೆಯಾದಂದಿನಿಂದ ಗಂಡನಿಗೆ ಬಹುವಚನ ತಪ್ಪಿಸದವಳು. ಕೂಲಿಯವರ ಕೈ ನಿಂತಿತು.

"ಮಗ ಸುಳ್ಳು ಹೇಳ್ದ. ಅವನ್ನ ಮನೇಲಿ ವಿಚಾರಿಸ್ಕತೀನಿ. ನೀನು? ನೀನೇ ಬಾ ಅಂತ ಕರೆದವ್ನು. ನನ್ನ ಜೊತೆ ಮೆಟ್ಟಿಲು ಹತ್ತಿದವ್ನು. ಮಗನ ಒಂದು ಮಾತು ನಿನ್ನ ಕಿವಿಗೆ ಬಿತ್ತು, ನಾನು ವರ್ಷಪೂರ್ತಿ ಏದುಸಿರು ಬಿಟ್ಟಿದ್ದು ಬೀಳ್ನಿಲ್ವಾ?"

"ನಿನ್ನ ಟಿಕೆಟ್ಟು ನಾನು ಕ್ಯಾನ್ಸಲ್ ಮಾಡ್ಸಿಲ್ಲ ಕಣೆ" ಎಂದ ಮೂಗಯ್ಯ, ಅದೇ ತನ್ನ ದೊಡ್ಡ ಸಾಕ್ಷಿ ಎಂಬಂತೆ. "ನಿನ್ನ ಹೆಸರಲ್ಲೇ ಅದೆ."

"ಮತ್ತೆ ಬಸವಯ್ಯನೋರ್ನ ಎಂಗೆ ಕರ್ಕಂಡು ಹೋಗ್ತಿದ್ದೆ? ಟಿಸಿ ಮುಂದೆ ಇವ್ರೇ ಮಂಚಮ್ಮ ಅಂತಿದ್ಯಾ?"

ಕೂಲಿಯವರಲ್ಲೊಬ್ಬ ಕಿಸಕ್ಕನೆ ನಕ್ಕ. ಚಿಕ್ಕಬಸವಯ್ಯ ಹತ್ತಿರ ಬಂದು ಕೈ ಮುಗಿದ. "ನನ್ನ ಬುಟ್ಬುಡಿ ಅತ್ಗೆಮ್ಮ. ನಾನು ಬರಲ್ಲ. ರಾತ್ರಿ ನಮ್ಮನೇಲೂ ಇದೇ ಕತೆ. ನಂಗೆ ಏಣಿ ಮೇಲೆ ನಿಂತ್ರೇ ತಲೆ ಸುತ್ತು ಬತ್ತದೆ, ಇವ್ನು ಬಲವಂತ ಮಾಡ್ದ ಅಂತ ಹೂಂ ಅಂದಿದ್ದೆ" ಎಂದು ಹೇಳಿ, ಯಾರ ಉತ್ತರಕ್ಕೂ ಕಾಯದೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ.

ಮೂಗಯ್ಯನ ಕಣ್ಣು ತುಂಬಿತ್ತು. "ತಪ್ಪಾಯ್ತು" ಎಂದ. "ನಿನ್ನ ಮುಂದೆ ಬಾಯಿ ಬಿಡಕ್ಕೆ ಹೆದರ್ಕಂಡೆ."

"ಹೆದರ್ಕಂಡಿದ್ದಕ್ಕೇ ನಂಗೆ ಹೆಚ್ಚು ಸಿಟ್ಟು. ಕೆಟ್ಟೋನಾಗಿದ್ರೆ ಬಯ್ದು ಸುಮ್ನಾಗ್ತಿದ್ದೆ." ಮಂಚಮ್ಮ ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಕೂಲಿಯವರ ಕಡೆ ತಿರುಗಿದಳು. "ಹಿಂದಿನ ಸೀಟಿಗೆ ಇನ್ನೊಂದು ಸುತ್ತು ಹಾಕಿ ಅಪ್ಪ. ಹರಿದ್ರೆ ಕೂರೋಳು ನಾನು."

ಅಂದು ಸಂಜೆ ಮನೆಯಲ್ಲಿ ಶಿವರಾಮುವಿಗೆ ಎರಡು ಕಡೆಯಿಂದಲೂ ಬಿತ್ತು. ಅವನು ಮೊದಲು ತಮಾಷೆ ಮಾಡಿದ, ಆಮೇಲೆ ರೇಗಿದ, ಕೊನೆಗೆ ಅತ್ತೆ ಚಂದ್ರಮತಿಗೆ ತಾನೇ ಫೋನ್ ಮಾಡಿ ಬನ್ನಿ ಎಂದು ಕರೆಯಬೇಕಾಯಿತು. ಸುಮಾ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಚಂದ್ರಮತಿ ಬಂದದ್ದು ಪ್ರಯಾಣದ ಹಿಂದಿನ ದಿನ. ಬಂದವರೇ ಅಳಿಯನ ಶೂಗಳನ್ನು ಎತ್ತಿ ಬಾಗಿಲಾಚೆ ಇಟ್ಟರು. ಮಂಚಮ್ಮ ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಹೊರಡುವ ದಿನ ಮೊಮ್ಮಗಳಿಗೆ ಮುತ್ತಿಟ್ಟಳು, ಸುಮಾಳ ತಲೆ ಸವರಿದಳು. ಶಿವರಾಮು ಕಾಲಿಗೆ ಬಗ್ಗಿದಾಗ "ಏಳು" ಎಂದಷ್ಟೇ ಅಂದಳು.

ರೈಲು ಹೊರಟಿತು. ಮೂಗಯ್ಯ ಎದುರು ಸೀಟಿನಲ್ಲಿ ಕೂತು ಮೆತ್ತಗೆ ಕೇಳಿದ.

"ಇನ್ನೂ ಸಿಟ್ಟಾ?"

"ಹೂಂ."

"ಎಲ್ಲೀವರ್ಗೂ?"

"ನಂಗೇನು ಗೊತ್ತು. ಘಾಟಿ ಮೇಲೆ ಹೋದಾಗ್ಲೂ ಇದ್ರೆ ಅಲ್ಲೂ ಬಯ್ತೀನಿ. ನೀವು ಗಾಡಿ ಮೇಲೆ ಗಮನ ಇಟ್ಕಳಿ."

ಬಹುವಚನ ಮರಳಿ ಬಂದದ್ದಕ್ಕೆ ಮೂಗಯ್ಯನ ಮುಖ ಕೊಂಚ ಅರಳಿತು. ಅದನ್ನು ಕಂಡು ಮಂಚಮ್ಮನಿಗೆ ಮತ್ತೆ ರೇಗಿತು. ಅವಳು ಚಪ್ಪಲಿ ಕಳಚಿ, ಅವನು ಕೊಡಬಂದ ಕೈಯನ್ನು ಪಕ್ಕಕ್ಕೆ ತಳ್ಳಿ, ಮೇಲಿನ ಬರ್ತಿಗೆ ತಾನೇ ಹತ್ತಿ ಕಾಲು ಚಾಚಿದಳು.