ಸಂಜೆಗೆ ಆರುವ ಟೀವಿ

ಟೀವಿಯೊಳಗೆ ಹೊಸ ಪವರ್ ಬೋರ್ಡು, ಅದರ ಮೇಲೊಂದು ಸ್ಟೆಬಿಲೈಸರ್, ಟೀವಿಯನ್ನು ಅಂಗಡಿಗೆ ಸಾಗಿಸಿ ತಂದ ಗಾಡಿ ಬಾಡಿಗೆ: ಇಷ್ಟರಲ್ಲೇ ಹೊಸ ಟೀವಿಯ ಅರ್ಧ ದುಡ್ಡು ನೀರಿನಂತೆ ಹೋಗಿತ್ತು. ಆದರೂ ಸಂಜೆಯಾದರೆ ಸಾಕು, ಟೀವಿ ಆರಿ ಹೋಗುತ್ತಿತ್ತು.

"ನೋಡಿ ಅತ್ತಿಗೆ, ಎಷ್ಟು ಚೆನ್ನಾಗಿ ಓಡ್ತಿದೆ," ಎಂದ ಮೆಕ್ಯಾನಿಕ್, ಟೀವಿಯ ಹಿಂದಿನಿಂದ ತಲೆ ಎತ್ತಿ. "ನನ್ನ ಮುಖ ಕಂಡ್ರೆ ಸಾಕು, ಸಾಧು ಆಗಿಬಿಡತ್ತೆ."

"ಹಾಗಾದ್ರೆ ದಿನಾ ಸಂಜೆ ಬಂದು ಇದರ ಮುಂದೆ ಕೂತ್ಕೋ ಮಾರಾಯ. ಊಟ ನಾನು ಹಾಕ್ತೀನಿ."

ಒಳಕೋಣೆಯಲ್ಲಿ ಅವಳ ಗಂಡ ನಕ್ಕ. ನಗು ಕೆಮ್ಮಾಗಿ ಮುಗಿಯಿತು. ಊರಿನ ಎಷ್ಟೋ ಮನೆಗಳಿಗೆ ಕರೆಂಟು ಎಳೆದ ವೈರ್‌ಮನ್ ಅವನು. ಈ ಮೆಕ್ಯಾನಿಕ್ ಟೆಸ್ಟರ್ ಹಿಡಿಯಲು ಕಲಿತದ್ದೂ ಅವನ ಕೈಕೆಳಗೇ. ಈಗ ಶ್ವಾಸಕೋಶ ಕೈಕೊಟ್ಟು, ಮಂಚದ ಪಕ್ಕ ಆಕ್ಸಿಜನ್ ಮೆಷಿನ್ ಬಂದು ಕೂತಿತ್ತು. ಹಗಲು ಅಷ್ಟಿಷ್ಟು ಬಿಟ್ಟರೂ ಪರವಾಗಿಲ್ಲ, ಸಂಜೆಯಿಂದ ಬೆಳಗಿನ ತನಕ ಮಾತ್ರ ನಿಲ್ಲಿಸಲೇಬೇಡಿ ಎಂದಿದ್ದರು ಡಾಕ್ಟರ್.

"ಅಣ್ಣಾ, ಒಂದ್ಸಲ ಮನೆ ವೈರಿಂಗ್ ನೋಡಿಬಿಡ್ಲಾ?" ಮೆಕ್ಯಾನಿಕ್ ಒಳಗೆ ಇಣುಕಿ ಕೇಳಿದ.

"ಯಾರು ಮಾಡಿದ ವೈರಿಂಗೋ ಅದು?"

"ನೀವೇ ಅಲ್ವಾ ಅಣ್ಣ."

"ಮತ್ತೆ? ಮೊದ್ಲು ಟೀವಿ ರಿಪೇರಿ ಮಾಡೋದು ಕಲಿ, ಹೋಗು."

ಮೆಕ್ಯಾನಿಕ್ ಮುಖ ಸಣ್ಣದಾಯಿತು. ಸ್ಕ್ರೂ ಬಿಗಿದು ಹೊರಟುಹೋದ.

ಆಶ್ಚರ್ಯವೆಂದರೆ ಆ ಸಂಜೆಯಿಂದ ಟೀವಿ ಆರಲಿಲ್ಲ. ಬೆಳಗಿನಿಂದ ಗಂಡನ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಸುಸ್ತಾದವಳಿಗೆ ಆ ಒಂದು ಗಂಟೆಯ ಹಾಸ್ಯದ ಧಾರಾವಾಹಿಯೇ ಹೊರಗಿನ ಗಾಳಿ. ಕಾಲು ಚಾಚಿ ಕೂತು ಬಾಯ್ತುಂಬ ನಗುತ್ತಿದ್ದಳು.

"ಕೊನೆಗೂ ನಿಮ್ಮ ಶಿಷ್ಯ ಗೆದ್ದ ಕಣ್ರೀ," ಎಂದಳು ಒಂದು ದಿನ.

"ಯಾರ ಶಿಷ್ಯ ಅವನು?" ಎಂದ ಗಂಡ, ಗೋಡೆ ಕಡೆ ಮುಖ ತಿರುಗಿಸಿ.

ಬರಬರುತ್ತ ಗಂಡನ ಕಾಲು ಊದತೊಡಗಿತು. ಬೆಳಗ್ಗೆ ಎದ್ದರೆ ಮಂಕು. "ಸಂಜೆ ಹೊತ್ತು ಮೆಷಿನ್ ತಪ್ಪಿಸ್ತಿಲ್ಲ ತಾನೇ?" ಎಂದು ಡಾಕ್ಟರ್ ಕೇಳಿದಾಗ, "ಒಂದು ಗಳಿಗೆಯೂ ಇಲ್ಲ, ಆಣೆ ಮಾಡಿ ಹೇಳ್ತೀನಿ," ಎಂದಳು ಅವಳು.

ಒಂದು ಸಂಜೆ ಯಾರೋ ಬಾಗಿಲು ತಟ್ಟಿದಂತಾಗಿ ಟೀವಿಯ ಸದ್ದು ನಿಲ್ಲಿಸಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಮನೆಯಲ್ಲಿ ಏನೋ ಕಮ್ಮಿಯಾದಂತೆ ಅನ್ನಿಸಿತು. ಒಳಗಿನ ಮೆಷಿನ್ ಗುಂಯ್‌ಗುಡುತ್ತಿರಲಿಲ್ಲ.

ಓಡಿಹೋಗಿ ನೋಡಿದರೆ ಗಂಡ ಆಕ್ಸಿಜನ್ ನಳಿಕೆಯನ್ನು ಮೂಗಿನಲ್ಲೇ ಇಟ್ಟುಕೊಂಡು, ಮಂಚದ ಅಂಚು ಹಿಡಿದು ಕೂತಿದ್ದ. ತುಟಿ ನೀಲಿಗಟ್ಟಿತ್ತು. ಅವಳು ಮೆಷಿನ್ನಿನ ಸ್ವಿಚ್ ಒತ್ತಿದಳು. ಮೆಷಿನ್ ಗುಡುಗಿತು. ಆ ಕ್ಷಣಕ್ಕೇ ಹಜಾರದ ಟೀವಿ ಆರಿಹೋಯಿತು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಎಷ್ಟು ದಿನದಿಂದ?"

"ಒಂದು ಗಂಟೆ ತಾನೇ. ನಿನ್ನ ಧಾರಾವಾಹಿ ಮುಗಿದ ತಕ್ಷಣ ಹಾಕ್ಕೋತಿದ್ದೆ."

"ನಂಗ್ಯಾಕ್ರೀ ಬೇಕಿತ್ತು ಈ ದರಿದ್ರ ಟೀವಿ? ನಿಮ್ಮ ಶಿಷ್ಯನಿಗೆ ಒಂದು ಮಾತು ಹೇಳಿದ್ರೆ..."

"ಗೋಡೆ ಒಳಗೆ ಬರೀ ತುಂಡು ವೈರ್ ಕಣೇ, ಎರಡನ್ನೂ ಒಟ್ಟಿಗೆ ಎಳೆಯಲ್ಲ." ಅವನು ಉಸಿರು ಕೂಡಿಸಿಕೊಂಡ. "ಬೇರೆ ಮನೆಗಳಲ್ಲಿ ಉಳಿದದ್ದನ್ನೆಲ್ಲ ಗಂಟು ಹಾಕಿ ಎಳೆದಿದ್ದೆ. ಆಗ ನಮಗೆ ಒಂದು ಬಲ್ಬು, ಒಂದು ಫ್ಯಾನು, ಅಷ್ಟೇ ಅಲ್ವಾ. ವೈರಿಗೆ ಮಧ್ಯೆ ಗಂಟು ಹಾಕಿದ್ರೆ ಅವನ ಕೈ ಮೇಲೆ ಬಾರಿಸ್ತಿದ್ದವನು ನಾನು. ಈಗ ಅವನೇ ಬಂದು ಇದನ್ನ ಬಿಚ್ಚಿ ನೋಡ್ಬೇಕಾ?" ಮೂಗಿನ ನಳಿಕೆ ಸರಿಪಡಿಸಿಕೊಂಡು, "ಹೇಳ್ಬೇಡ ಅವನಿಗೆ," ಎಂದ. "ನೀನು ನಗ್ತಿದ್ದೆಯಲ್ಲ, ಇಲ್ಲಿಗೆ ಕೇಳಿಸ್ತಿತ್ತು."

ಅವಳಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. "ಹೇಳಲ್ಲ, ಬಿಡಿ."

ಟೀವಿಯ ಪ್ಲಗ್ ಕಿತ್ತು, ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿದಳು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ವಿಚಾರಿಸಿದರೆ, "ಚೆನ್ನಾಗಿ ಓಡ್ತಿದೆ ಕಣಪ್ಪ," ಎಂದಳು. ಆಮೇಲೆ ಮೆಷಿನ್ ಒಂದು ಸಂಜೆಯೂ ನಿಲ್ಲಲಿಲ್ಲ. ಆದರೆ ಗಂಡ ಚೇತರಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟ. ಆ ಒಂದೊಂದು ಗಂಟೆಯಿಂದಲೇ ಹೀಗಾಯಿತೇ ಎಂದು ಅವಳು ಡಾಕ್ಟರನ್ನು ಕೇಳಿದಳು. ಇರಬಹುದು, ಇಲ್ಲದೆಯೂ ಇರಬಹುದು ಎಂದರು ಅವರು.

ಬಾಡಿಗೆಯ ಮೆಷಿನ್ ಹೋದ ಮೇಲೆ ಮೆಕ್ಯಾನಿಕ್ ಮಾತಾಡಿಸಲು ಬಂದ. ಬೆಡ್‌ಶೀಟ್ ಹೊದ್ದ ಟೀವಿಯನ್ನು ನೋಡಿದ, ಅವಳ ಮುಖ ನೋಡಿದ, ಸ್ವಿಚ್‌ಬೋರ್ಡ್ ಬಿಚ್ಚಿದ. ಎಳೆದಂತೆಲ್ಲ ವೈರ್ ಬಂತು: ಕೆಂಪು ತುಂಡು, ಕಪ್ಪು ತುಂಡು, ಹಳದಿ ತುಂಡು, ನಡುನಡುವೆ ಟೇಪು ಸುತ್ತಿದ ಗಂಟು. ಒಂದೆರಡು ಗಂಟು ಸುಟ್ಟು ಕರಕಲಾಗಿದ್ದವು.

"ಅರ್ಧ ದಿನದ ಕೆಲಸ ಅತ್ತಿಗೆ," ಎಂದ ಅವನು, ನೆಲದ ಮೇಲೆ ಕೂತು. "ಒಂದು ಮಾತು ಹೇಳಬಾರದಿತ್ತಾ?"

"ನಿನ್ನ ಕಣ್ಣಿಗೆ ಮಾತ್ರ ಬೀಳಬಾರದು ಅಂದಿದ್ರು."

ಮೆಕ್ಯಾನಿಕ್ ತುಂಡುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ತನ್ನ ಚೀಲದ ತಳಕ್ಕೆ ಹಾಕಿಕೊಂಡ. ಅಂದೇ ಹೊಸ ವೈರ್ ಎಳೆದ. ಕೂಲಿ ಬೇಡವೆಂದ.

ಆ ಸಂಜೆ ಟೀವಿ ಆರಲಿಲ್ಲ. ಅವಳು ಮೆಷಿನ್ ಗುಂಯ್‌ಗುಡುವುದು ಕೇಳಬೇಕೆಂಬಂತೆ ಸದ್ದು ತಗ್ಗಿಸಿ, ಒಳಕೋಣೆಯ ಕಡೆ ಕಿವಿಯಿಟ್ಟು ಕೂತಳು. ಧಾರಾವಾಹಿ ಮುಗಿಯುವ ತನಕ ಹಾಗೆಯೇ ಕೂತಿದ್ದಳು.

ಹೊಸ ವೈರಿಗೆ ಬಿದ್ದ ಖರ್ಚು ಆ ಪವರ್ ಬೋರ್ಡಿನದಕ್ಕಿಂತ ಕಮ್ಮಿ.