ಬುರುಲ್ ಎಜೆಯ ಬೆರಳುಗಳು

ಕಿರ್ಗಿಜ್ ನಾಡಿನ ಕರಕೋಲ್ ಊರಿನಲ್ಲಿ ಲಿನಕ್ಸ್ ಬಲ್ಲವನೆಂದರೆ ತಾನೊಬ್ಬನೇ ಎಂದು ಜೋಮಾರ್ತ್‌ಗೆ ಸ್ವಲ್ಪ ಜಂಬವಿತ್ತು. ಆ ಜಂಬವೆಲ್ಲ ಇಳಿದುಹೋಗಿ, ಈಗ ಅವನು ಬುರುಲ್ ಎಜೆಯ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿದ್ದ.

ಊರಿಗೆಲ್ಲ ಅಕ್ಕನಾದ ಈ ಎಜೆಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಕಿರ್ಗಿಜ್ ಕಥೆಗಳನ್ನು ರಷ್ಯನ್ನಿಗೆ ಅನುವಾದಿಸುವುದು ಅವರ ಮೂವತ್ತು ವರ್ಷದ ಕೆಲಸ. ಒತ್ತಿದ ಅಕ್ಷರವನ್ನೆಲ್ಲ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳಬೇಕು. ಅವರು ನಂಬಿರುವುದು ಆ ದನಿಯನ್ನೇ. ಎರಡು ಭಾಷೆಗಳ ನಡುವೆ ದಿನಕ್ಕೆ ನೂರು ಸಲ ಓಡಾಡಬೇಕು. "ಒಂದೇ ಬೆರಳಲ್ಲಿ ಆಗೋ ಹಾಗೆ ಮಾಡ್ಕೊಡೋ" ಎಂದು ಅವರು ಕೇಳಿದ್ದಕ್ಕೆ, ಹೋದ ತಿಂಗಳು ಜೋಮಾರ್ತ್ ದನಿ ಅಡಗಿಸುವ ಮ್ಯೂಟ್ ಕೀಲಿಯನ್ನೇ ಭಾಷೆ ಬದಲಿಸಲು ಹಚ್ಚಿದ್ದ. ಸ್ಪೀಕರಿಗೆ ತಿರುಪು ಇರುವಾಗ ಆ ಕೀಲಿ ಇವರಿಗೇಕೆ ಎಂದು ಅವನ ಎಣಿಕೆ. ಒತ್ತಿದ, ಪರದೆಯಲ್ಲಿ ಅಕ್ಷರ ಬದಲಾಯಿತು, ಚಹಾ ಕುಡಿದು ಹೊರಟ.

ಮರುದಿನದಿಂದಲೇ ಫೋನು ಶುರುವಾಯಿತು. "ಭಾಷೆ ಬದಲಿಸಿದ್ರೆ ಸಾಕು, ಬಾಯಿ ಮುಚ್ಕೊಂಡ್ಬಿಡುತ್ತಪ್ಪ ಇದು." ಅವನು ಬಂದು ನೋಡಲಿಲ್ಲ. "ನಿಮ್ಮ ಬೆರಳು ಪಕ್ಕದ ಕೀಲೀನೂ ಒತ್ತುತಿರ್ಬೇಕು ಎಜೆ, ವಯಸ್ಸಾಯ್ತಲ್ಲ" ಎಂದು ನಕ್ಕು ಫೋನಿಟ್ಟಿದ್ದ.

ಈಗ ತಿಂಗಳ ಮೇಲೆ ಕೊನೆಗೂ ಬಂದು ಸೆಟ್ಟಿಂಗ್ಸ್ ತೆರೆದು ನೋಡಿದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ಕೀಲಿಗೆ ಹೊಸ ಕೆಲಸ ಕೊಟ್ಟವನು ಹಳೆಯದನ್ನು ತೆಗೆದೇ ಇರಲಿಲ್ಲ. ಒಂದು ಸಲ ಒತ್ತಿದರೆ ರಷ್ಯನ್ ಬರುತ್ತಿತ್ತು, ದನಿ ಹೋಗುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಕಿರ್ಗಿಜ್ ಬಂದು ದನಿಯೂ ಮರಳುತ್ತಿತ್ತು. ಕಣ್ಣಿಲ್ಲದವರ ಕಂಪ್ಯೂಟರನ್ನು ಬರೀ ಕಣ್ಣಿನಿಂದ ಪರೀಕ್ಷಿಸಿ ಹೋಗಿದ್ದ, ದಡ್ಡ ಶಿಖಾಮಣಿ!

ಹಳೆಯ ಕೆಲಸವನ್ನು ಅಳಿಸಿ ಕೀಲಿ ಒತ್ತಿದ. ಕಂಪ್ಯೂಟರು ರಷ್ಯನ್ನಿನಲ್ಲಿ ಸರಾಗವಾಗಿ ಮಾತಾಡಿತು.

"ಸರಿ ಹೋಯ್ತಾ? ನೀನು ನೂರು ಕಾಲ ಬಾಳು" ಎಂದರು ಎಜೆ. "ಏನಾಗಿತ್ತೋ ಅದಕ್ಕೆ?"

ಅಪ್‌ಡೇಟಿನ ಮೇಲೆ ಹೊರಿಸುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇನ್ನು ನಿಮ್ಮ ಅನುವಾದದ ಪುಸ್ತಕ ಮುಗಿಸ್ಬಹುದು ಎಜೆ" ಎಂದು ಮಾತು ಮರೆಸಿದ.

"ಯಾವ ಪುಸ್ತಕಾನೋ? ಬೆಳಿಗ್ಗೆನೇ ಬಿಷ್ಕೆಕ್‌ನ ಪ್ರಕಾಶಕರಿಗೆ ಫೋನ್ ಮಾಡಿ ಬಿಟ್ಕೊಟ್ಟೆ. ಬೆರಳು ನನ್ನ ಮಾತು ಕೇಳ್ತಿಲ್ಲ, ಬೇರೆಯವರಿಗೆ ಕೊಡಿ ಅಂದೆ. ಅವರೂ ಹೂಂ ಅಂದ್ರು." ಎಜೆ ನಾನ್ ರೊಟ್ಟಿ ಮುರಿದು ಅವನತ್ತ ಚಾಚಿದರು. "ತಗೋ. ರೊಟ್ಟಿ ಬಾಯಿಗಿಡದೆ ಮನೆಯಿಂದ ಹೋಗ್ಬಾರ್ದು."

ಅವನು ತುಣುಕನ್ನು ಕೈಗೆ ತೆಗೆದುಕೊಂಡ. ಜೋಮಾರ್ತ್‌ಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಎಜೆ, ತಪ್ಪು ನಂದು. ಆ ಕೀಲೀನ ನಾನೇ ಕೆಡಿಸಿಟ್ಟು ಹೋಗಿದ್ದೆ. ನೀವು ಒಂದ್ಸಲಾನೂ ತಪ್ಪು ಒತ್ತಿಲ್ಲ. ಬಿಷ್ಕೆಕ್‌ನವರಿಗೆ ಈಗಲೇ ಫೋನ್ ಮಾಡಿ ಹೇಳ್ತೀನಿ."

ಅವನು ಬೈಗುಳಕ್ಕೆ ಕಾದ. ಎಜೆ ಬೈಯಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದರು.

"ಹಾಗಾದ್ರೆ ಇವು ಸರಿಯಾಗೇ ಇದ್ವಾ?" ಎಂದರು. "ಒಂದು ತಿಂಗಳಿಂದ ಇವುಗಳನ್ನೇ ಶಪಿಸ್ಕೊಂಡು ಅಳ್ತಿದ್ದೆನಲ್ಲೋ."