ಇನ್ನೂರನೆಯ ಹೆಬ್ಬೆಟ್ಟು

“ಅಗಲ ಮಾಡೇ ಕಾಲು! ಗಂಡನ ಪಕ್ಕ ಮಲಗೋವಾಗ ಇಲ್ಲದ ನಾಚಿಕೆ ಈಗೆಲ್ಲಿಂದ ಬಂತೇ, ಮುಂಡೇದೆ?”

ನರ್ಸಮ್ಮ ತೊಡೆಗೆ ಫಟ್ಟನೆ ಬಾರಿಸಿದಳು. ಹತ್ತೊಂಬತ್ತು ವರ್ಷದಿಂದ ಈ ಹೆರಿಗೆ ಕೋಣೆಯ ನೆಲ ಒರೆಸುತ್ತಿದ್ದೇನೆ. ಆ ಮಾತು, ಆ ಏಟು, ಎರಡೂ ನನ್ನ ಕಿವಿಗೆ ಫ್ಯಾನಿನ ಸದ್ದಿನಷ್ಟೇ ಹಳೆಯವು. ಆದರೆ ಆ ದಿನ ಬೆಳಿಗ್ಗೆ ಐದು ಬೆರಳಿನ ಗುರುತು ಎದ್ದದ್ದು ನನ್ನ ಮಗಳ ತೊಡೆಯ ಮೇಲೆ.

“ಹೊಡೀಬೇಡಿ ಅಮ್ಮಾ. ನನ್ನ ಮಗಳು ಅವಳು.”

“ಯಾರ ಮಗಳಾದ್ರೇನೇ? ಇಲ್ಲಿ ಮಲಗಿದ ಮೇಲೆ ಎಲ್ಲಾ ಒಂದೇ. ನೀನು ನೆಲ ನೋಡ್ಕೋ.”

ಒಳಗೆ ನಾಲ್ಕು ಕಬ್ಬಿಣದ ಮೇಜು, ನಡುವೆ ಒಂದು ಪರದೆಯೂ ಇಲ್ಲ. ಹೆರುವವಳ ತಾಯಿಯಾಗಲಿ ಅಕ್ಕತಂಗಿಯರಾಗಲಿ ಒಳಗೆ ಬರುವಂತಿಲ್ಲ. ನನ್ನ ಕೈಯಲ್ಲಿ ಒರೆಸುವ ಬಟ್ಟೆ ಇದ್ದದ್ದರಿಂದ ನಾನು ಒಳಗಿದ್ದೆ.

ನನ್ನದು ಬರೀ ನೆಲ ಒರೆಸುವ ಕೆಲಸವಲ್ಲ. ನೋವಿಗೆ ಒದ್ದಾಡುವವರ ಕಾಲು ಅದುಮಿ ಹಿಡಿಯುವುದೂ ನಾನೇ. ಹೋದ ವರ್ಷದಿಂದ ಇನ್ನೊಂದು ಸೇರಿಕೊಂಡಿತ್ತು. ದೊಡ್ಡ ಡಾಕ್ಟರು ಏನೋ ಸಂಶೋಧನೆ ಮಾಡುತ್ತಿದ್ದರು. ಚೊಚ್ಚಲ ಬಸುರಿಯರಿಗೆ ಮಗುವಿನ ತಲೆ ಕಾಣುವಾಗ ಕೆಳಗೆ ಕತ್ತರಿಯಲ್ಲಿ ಕೊಯ್ಯುವುದು, ಆಮೇಲೆ ಅರ್ಧ ಜನಕ್ಕೆ ಒಂದು ದಾರ, ಉಳಿದರ್ಧಕ್ಕೆ ಇನ್ನೊಂದು ದಾರದಲ್ಲಿ ಹೊಲಿದು ಯಾವುದು ಬೇಗ ಮಾಯುತ್ತದೆ ಎಂದು ನೋಡುವುದು. ಇನ್ನೂರು ಹೆಂಗಸರು ಬೇಕಾಗಿತ್ತು. ಒಪ್ಪಿಗೆಯ ಕಾಗದಕ್ಕೆ ಅವರ ಹೆಬ್ಬೆಟ್ಟು ಹಿಡಿದು ಒತ್ತಿಸುವವಳು ನಾನು. ನೋವು ಏರಿದಾಗ ಯಾರೂ ಕಾಗದ ನೋಡುವುದಿಲ್ಲ. ಕೈ ಕೇಳಿದರೆ ಕೈ ಕೊಡುತ್ತಾರೆ, ಹಿಡಿದುಕೊಳ್ಳಲು ಒಂದು ಕೈ ಸಿಕ್ಕಿತು ಅಂದುಕೊಂಡು.

ಸೊಪ್ಪು ಮಾರುವವಳೊಬ್ಬಳು ಹೆತ್ತ ಎಂಟನೇ ದಿನಕ್ಕೆ ಗೋಡೆ ಹಿಡಿದುಕೊಂಡು ವಾಪಸ್ ಬಂದಿದ್ದಳು. ಹೊಲಿಗೆ ಬಿಟ್ಟು ಕೀವು ತುಂಬಿತ್ತು. ಕೂರಲಾಗದೆ ಬಾಗಿಲ ಬಳಿ ನಿಂತೇ ಮಗುವಿಗೆ ಹಾಲು ಕೊಟ್ಟಳು. “ಎಲ್ಲರಿಗೂ ಆಗತ್ತೆ, ಬಿಸಿನೀರಲ್ಲಿ ಕೂತ್ಕೋ” ಎಂದು ನರ್ಸಮ್ಮ ಕಳಿಸಿದಳು. ಅವಳ ಹೆಬ್ಬೆಟ್ಟು ಒತ್ತಿಸಿದವಳೂ ನಾನೇ. ಅವಳಿಗೆ ನನ್ನ ಗುರುತು ಸಿಕ್ಕಲಿಲ್ಲ. ನಾನು ಬಕೆಟ್ ಎತ್ತಿಕೊಂಡು ಆ ಕಡೆ ಹೋದೆ.

ದೊಡ್ಡ ಡಾಕ್ಟರು ಒಳಗೆ ಬಂದರು. ಹಿಂದೆಯೇ ಹೊಸ ಡಾಕ್ಟರಮ್ಮ, ಇಲ್ಲಿಗೆ ಕಲಿಯಲು ಬಂದು ಎರಡು ತಿಂಗಳಾದವಳು.

“ಚೊಚ್ಚಲಾ? ಸರಿ. ಇವಳೇ ಇನ್ನೂರು. ಕಾಗದ ತಗೊಂಬಾ.”

ನರ್ಸಮ್ಮ ಕಾಗದ ತಂದು ಮಗಳ ಎದೆಯ ಮೇಲಿಟ್ಟಳು. ನನ್ನ ಕಡೆ ಶಾಯಿಯ ಡಬ್ಬಿ ಚಾಚಿದಳು. ಮಗಳು ತಲೆ ಎತ್ತಿದಳು. ರಟ್ಟಿನ ಪೆಟ್ಟಿಗೆ ಮಡಚುವ ಕಾರ್ಖಾನೆಯ ಕೂಲಿ ಅವಳು, ಆದರೆ ಹತ್ತನೇ ಕ್ಲಾಸು ಓದಿದವಳು. ಎರಡು ನೋವಿನ ನಡುವೆ ಉಸಿರು ಎಳೆದುಕೊಂಡು ಗಟ್ಟಿಯಾಗಿ ಓದತೊಡಗಿದಳು.

“‘ನನಗೆ ಎಲ್ಲವನ್ನೂ ವಿವರಿಸಲಾಗಿದೆ...’ ಯಾರು ವಿವರಿಸಿದ್ರು?”

“ಒತ್ತೇ ಸುಮ್ನೆ! ಓದಿ ಏನು ಕಲೆಕ್ಟ್ರು ಆಗ್ಬೇಕಾ?” ಎಂದಳು ನರ್ಸಮ್ಮ.

“‘ಕೊಯ್ದು ಹೊಲಿಯಲು ನನ್ನ ಸ್ವಇಚ್ಛೆಯಿಂದ...’” ನೋವು ಬಂತು. ಕಾಗದ ಅವಳ ಮುಷ್ಟಿಯಲ್ಲಿ ಮುದುಡಿತು. “ಅಮ್ಮಾ, ನಂಗೆ ಕೊಯ್ಸ್ಕೊಳ್ಳೋದು ಬೇಡ. ಹೇಳಮ್ಮಾ ಇವರಿಗೆ.”

ಹೊಸ ಡಾಕ್ಟರಮ್ಮ ಮೆಲ್ಲಗೆ ಅಂದಳು, “ಸರ್, ಎಲ್ಲರಿಗೂ ಕೊಯ್ಯೋದು ಬೇಡ ಅಂತ ಹೊಸ ಸೂಚನೆ ಬಂದಿದೆಯಲ್ಲ. ಮಗುವಿನ ಎದೆಬಡಿತ ಚೆನ್ನಾಗಿದೆ. ಇವರು ಎದ್ದು ಕೂತರೆ ತಾನಾಗೇ ಬರತ್ತೆ.”

“ಸೂಚನೆ ಬರೆದೋರು ಇಲ್ಲಿ ಬಂದು ಹೆರಿಗೆ ಮಾಡಿಸ್ತಾರಾ? ಹೊರಗೆ ಎಂಟು ಜನ ಕಾಯ್ತಿದ್ದಾರೆ. ಕತ್ತರಿ ತಗೊಳ್ಳಿ.”

“ಮರಗಟ್ಟೋ ಇಂಜೆಕ್ಷನ್...”

“ಆ ನೋವಲ್ಲಿ ಈ ನೋವು ಗೊತ್ತಾಗಲ್ಲ. ನಿಮ್ಮ ಪರೀಕ್ಷೆಗೆ ಸಹಿ ಹಾಕೋನು ನಾನು, ನೆನಪಿದೆ ತಾನೇ?”

ಅವಳು ಕತ್ತರಿ ತೆಗೆದುಕೊಂಡಳು.

“ಏಯ್, ಕಾಲು ಹಿಡ್ಕೊಳೇ” ಎಂದರು ದೊಡ್ಡ ಡಾಕ್ಟರು ನನಗೆ.

ಹಿಡಿದೆ. ಸುಳ್ಳು ಯಾಕೆ ಹೇಳಲಿ, ಹಿಡಿದೇ ಬಿಟ್ಟೆ. ನನ್ನ ಕೈಗಳು ನನ್ನನ್ನು ಕೇಳಲೇ ಇಲ್ಲ, ತಾವಾಗಿಯೇ ಹೋಗಿ ಅವಳ ಮೊಣಕಾಲ ಮೇಲೆ ಕೂತವು. ಮಗಳು ನನ್ನ ಮುಖ ನೋಡಿದಳು. ಯಾರೋ ಹೊರಗಿನವಳನ್ನು ನೋಡುವಂತೆ ನೋಡಿದಳು.

ಆಗ ನನ್ನ ಕೈ ಸಡಿಲವಾಯಿತು. ಅವಳ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿ, ಮೇಜಿನಿಂದ ಕೆಳಗೆ ಇಳಿಸಿಬಿಟ್ಟೆ.

“ಏನೇ ಮಾಡ್ತಿದ್ದೀಯ, ಬೇವರ್ಸಿ!” ನರ್ಸಮ್ಮ ನನ್ನ ಜುಟ್ಟಿಗೆ ಕೈ ಹಾಕಿದಳು. ಎಳೆಯಲಿ ಅಂತ ಬಿಟ್ಟೆ. ಮಗಳು ಮೇಜಿನ ಕಾಲು ಹಿಡಿದು, ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ನಾನು ಹಿಂದಿನಿಂದ ತಬ್ಬಿ ಕೂತೆ. ಅವಳ ಬೆನ್ನು ನನ್ನ ಎದೆಯ ಮೇಲೆ ಕಲ್ಲಿನಂತೆ ಬಿಗಿಯಿತು, ಸಡಿಲಿತು, ಮತ್ತೆ ಬಿಗಿಯಿತು.

ಕತ್ತರಿ ತಟ್ಟೆಗೆ ಬಿದ್ದ ಸದ್ದು ಕೇಳಿಸಿತು. ಹೊಸ ಡಾಕ್ಟರಮ್ಮ ನಮ್ಮ ಮುಂದೆ ಮಂಡಿಯೂರಿದ್ದಳು. “ತಿಣುಕಬೇಡಿ ಈಗ. ಸಣ್ಣದಾಗಿ ಊದಿ, ಊದಿ... ಹಾಂ, ಹಾಗೇ.” ಒಂದು ಕೈಯನ್ನು ಮಗುವಿನ ತಲೆಗೆ ಮೆತ್ತಗೆ ಕೊಟ್ಟಿದ್ದಳು.

ತಲೆ ಬಂತು, ಭುಜ ಬಂತು. ಆಮೇಲೆ ಹಸಿ ಹಸಿಯಾದ ಒಂದು ಹೆಣ್ಣುಕೂಸು ಅವಳ ಕೈಗೆ ಜಾರಿ, ಕಿರುಚಿತು. ಡಾಕ್ಟರಮ್ಮ ಕೂಸನ್ನು ಮಗಳ ಎದೆಗೆ ಕೊಟ್ಟು, ಬಗ್ಗಿ ನೋಡಿದಳು. “ಸ್ವಲ್ಪ ತರಚಿದೆ ಅಷ್ಟೆ. ಹೊಲಿಗೆ ಬೇಕಾಗಿಲ್ಲ.”

ದೊಡ್ಡ ಡಾಕ್ಟರು ಕೂಸಿನ ಕಡೆ ನೋಡಲಿಲ್ಲ. “ನಾಳೆಯಿಂದ ನೀನು ಗೇಟಿನ ಒಳಗೆ ಕಾಲಿಡಬೇಡ” ಎಂದರು ನನಗೆ. ಡಾಕ್ಟರಮ್ಮನಿಗೆ, “ನೀವು ನನ್ನ ರೂಮಿಗೆ ಬನ್ನಿ” ಎಂದರು. ಆಮೇಲೆ ಪಕ್ಕದ ಮೇಜಿನ ಕಡೆ ತಿರುಗಿದರು.

ಅಲ್ಲಿ ಕಲ್ಲು ಒಡೆಯುವ ಹುಡುಗಿಯೊಬ್ಬಳು ಒಂಟಿಯಾಗಿ ಮಲಗಿದ್ದಳು. ಅಂಗೈಯೆಲ್ಲ ಜಡ್ಡುಗಟ್ಟಿತ್ತು.

“ಇವಳೂ ಚೊಚ್ಚಲೇ. ಇವಳ್ದು ತಗೋ.”

ನರ್ಸಮ್ಮ ಹೊಸ ಕಾಗದ ತಂದು, ಶಾಯಿಯ ಡಬ್ಬಿ ತಾನೇ ತೆರೆದಳು. ನನ್ನ ತೊಡೆಗೆ ಒರಗಿದ್ದ ಮಗಳು, ಹೊಕ್ಕುಳಬಳ್ಳಿ ಇನ್ನೂ ಕತ್ತರಿಸಿರದ ಕೂಸನ್ನು ಅವಚಿಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನೆಲದಿಂದಲೇ ಕೂಗಿದಳು.

“ಅಕ್ಕಾ! ಹೆಬ್ಬೆಟ್ಟು ಕೊಡಬೇಡ! ಕೊಯ್ಯಕ್ಕೆ ಅದು! ಮುಷ್ಟಿ ಕಟ್ಟು!”

“ಮುಚ್ಚೇ ಬಾಯಿ!”

ಕಲ್ಲು ಒಡೆಯುವವಳು ನಮ್ಮ ಕಡೆ ಕತ್ತು ಹೊರಳಿಸಿದಳು. ಕೆಳಗೆ ಕೂತಿದ್ದ ನಮ್ಮನ್ನು, ಕೂಸನ್ನು, ನೆಲದ ರಕ್ತವನ್ನು ನೋಡಿದಳು. ಹೆಬ್ಬೆಟ್ಟನ್ನು ಒಳಗಿಟ್ಟು ಕೈ ಮಡಚಿದಳು.

ನರ್ಸಮ್ಮ ಎರಡೂ ಕೈಯಲ್ಲಿ ಆ ಮುಷ್ಟಿ ಹಿಡಿದು ಬಿಡಿಸತೊಡಗಿದಳು. ದೊಡ್ಡ ಡಾಕ್ಟರು ಇನ್ನೊಂದು ಕಡೆಯಿಂದ ಹಿಡಿದರು. ಒಂದು ಬೆರಳು ಬಿಡಿಸಿದರೆ ಮತ್ತೊಂದು ಮಡಚಿಕೊಳ್ಳುತ್ತಿತ್ತು.